ಇದು ಯಾವುದಕ್ಕ ಚಲೋ?

ಇವತ್ತು ಬೆಳಗ್ಗೆ ಹಾವೇರಿಯಿಂದ ಮಾಮಾ ಬಂದಿದ್ದರು. ನಾನು ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಹಿಡಿದು ಕೂತಿದ್ದೆ. ಚಪ್ಪಲಿ ಬಿಡುವ ಮೊದಲೇ ಕೇಳಿದರು, "ಯಾಕೋ ತಮ್ಮಾ, ಶುಗರ್ ಬಂತೇನ್ ನಿನಗ?"

ಇಲ್ಲ ಮಾಮಾ ಅಂದೆ.

"ಮತ್ತ ಗ್ಯಾಸೇನು?"

ನಮ್ಮ ಹುಬ್ಬಳ್ಳಿಯಲ್ಲಿ ಹಾಲಿಲ್ಲದ ಚಹಾ ಕುಡಿಯುವವನು ಒಂದೋ ರೋಗಿ, ಇಲ್ಲಾ ಹೊಟ್ಟೆ ಕರಗಿಸಲು ಹೊರಟವನು. ಮೂರನೇ ಜಾತಿ ಇಲ್ಲ. ಹೋದ ವಾರ ಒಂದು ದೊಡ್ಡ ಅಂಗಡಿಗೆ ಹೋಗಿ "ಎಲೆ ಚಹಾ ಇದೆಯಾ?" ಅಂತ ಕೇಳಿದೆ. ಹುಡುಗ ಪ್ರೀತಿಯಿಂದ ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಇಸಬಗೋಲಿನ ಪಕ್ಕದಲ್ಲಿ!

ಸರಿ, ಮಾಮಾಗೂ ಒಂದು ಕಪ್ ಮಾಡಿದೆ. ಕುದ್ದ ನೀರನ್ನು ಸ್ವಲ್ಪ ಹೊತ್ತು ಬಿಟ್ಟೆ. ಒಂದು ಚಮಚ ದಾರ್ಜಿಲಿಂಗ್ ಎಲೆ, ಮೂರು ನಿಮಿಷ, ಸೋಸಿದೆ. ಜೇನಿನ ಬಣ್ಣ. ಅವರು ಬಸಿಗೆ ಸುರಿದುಕೊಂಡು ಸೊರ್ ಅಂತ ಎಳೆದರು. "ಚಲೋ ಐತಿ," ಅಂದರು. ನನ್ನ ಮುಖ ಅರಳಿತು. ಆಮೇಲೆ ಬಂತು ನೋಡಿ: "ಇದು ಯಾವುದಕ್ಕ ಚಲೋ?"

ಬಾಯಿಗೆ ಚಲೋ ಮಾಮಾ! ಬಾಯಿಗೆ!

ಧಾರವಾಡ ಪೇಡೆ ಯಾವ ರೋಗಕ್ಕೆ ಚಲೋ ಅಂತ ಯಾರಾದರೂ ಕೇಳಿದ್ದಾರಾ? ಗಿರ್ಮಿಟ್ ತಿಂದರೆ ಬಿಪಿ ಇಳಿಯುತ್ತಾ? ಚಹಾ ಎಲೆ ಒಂದೇ ಯಾಕೆ ಪಾಪ ಡಾಕ್ಟರ್ ಸರ್ಟಿಫಿಕೇಟ್ ತರಬೇಕು?

ಅದೂ ಯಾರು ಹೇಳುತ್ತಿರೋದು? ನಮ್ಮ ಮಾಮಾ. ಬ್ಯಾಡಗಿ ಮೆಣಸಿನಕಾಯಿಯನ್ನು ಕಣ್ಣು ಮುಚ್ಚಿ ಮುಟ್ಟಿ, ಡಬ್ಬಿ ಯಾವುದು, ಕಡ್ಡಿ ಯಾವುದು ಅಂತ ಹೇಳುವ ಮನುಷ್ಯ. ಬಣ್ಣಕ್ಕೆ ಇದು, ಖಾರಕ್ಕೆ ಅದು ಅಂತ ಅರ್ಧ ಗಂಟೆ ಪಾಠ ಮಾಡುತ್ತಾರೆ. ಚಹಾ ಮಾತ್ರ "ಎಲ್ಲಾ ಒಂದ ಅಲ್ಲೇನೋ". ಗಿಡ ಒಂದೇ, ಒಪ್ಪಿದೆ. ಗ್ರೀನ್ ಟೀ, ಊಲಾಂಗ್, ನಮ್ಮ ಕರಿ ಚಹಾ, ಎಲ್ಲಾ ಅದೇ ಗಿಡದ್ದು. ಕಿತ್ತ ಎಲೆಗೆ ಬೇಗ ಶಾಖ ಕೊಟ್ಟರೆ ಹಸಿರು ಉಳಿಯುತ್ತದೆ. ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ಕಪ್ಪಾಗುತ್ತದೆ. ಚೀನಾದ ವುಯಿ ಬೆಟ್ಟದವರು ಪೈನ್ ಕಟ್ಟಿಗೆಯ ಹೊಗೆ ಹಾಕಿ ಒಣಗಿಸುವ ಚಹಾ ಒಂದಿದೆ, ಲಾಪ್ಸಾಂಗ್ ಅಂತ. ಅದರ ಡಬ್ಬಿ ತೆರೆದರೆ ಹಳ್ಳಿಮನೆಯ ಒಲೆ ಮುಂದೆ ಕೂತಂಗೆ.

ದಾರ್ಜಿಲಿಂಗ್‌ನಲ್ಲೇ ನೋಡಿ. ಮಾರ್ಚ್ ಸುಮಾರಿನ ಮೊದಲ ಕೊಯ್ಲು ತೆಳುವಾಗಿ, ಹಸಿಹಸಿಯಾಗಿ, ಹೂವಿನ ವಾಸನೆ. ಅದೇ ತೋಟದ ಮೇ-ಜೂನ್ ಎಲೆಗೆ ದ್ರಾಕ್ಷಿಯ ಘಮ. ಅದಕ್ಕೆ ಒಂದು ಕಾರಣ ಜಿಗಿಹುಳ! ಎಳೆ ಎಲೆಯ ರಸ ಹೀರುತ್ತದೆ, ಗಿಡ ಅದನ್ನು ಎದುರಿಸಲು ಹೋಗಿ ಈ ಘಮ ಮಾಡಿಕೊಳ್ಳುತ್ತದೆ. ನಮ್ಮ ಕಡೆ ಹೊಲಕ್ಕೆ ಜಿಗಿಹುಳ ಬಿದ್ದರೆ ಔಷಧದ ಅಂಗಡಿಗೆ ಓಡುತ್ತೇವೆ, ದಾರ್ಜಿಲಿಂಗ್‌ನಲ್ಲಿ ಚಹಾದ ರೇಟು ಏರುತ್ತದೆ. ಚಹಾದ ಬೀಜ ಅಲ್ಲಿಗೆ ತಂದು 1841ರಲ್ಲಿ ತನ್ನ ಮನೆಯ ತೋಟದಲ್ಲಿ ಹಾಕಿದವನು ಕ್ಯಾಂಪ್‌ಬೆಲ್ ಅಂತ ಒಬ್ಬ ಡಾಕ್ಟರ್. ದಯವಿಟ್ಟು ಇದನ್ನು ಮಾಮಾಗೆ ಹೇಳಬೇಡಿ.

ಈಗ ನೀವು ಕೆಳಗೆ ಬಂದು ಬರೆಯುತ್ತೀರಿ, "ಮಿರ್ಚಿ ಜೊತೆ ಹಾಲಿನ ಚಹಾಕ್ಕೆ ಸಮ ಯಾವುದೂ ಇಲ್ಲ ಬಿಡೋ." ಗೊತ್ತು ಮಾರಾಯ್ರೇ. ಸಂಜೆ ನಾನೂ ಅದನ್ನೇ ಕುಡಿಯೋದು. ಆ ಕಾಳು ಚಹಾಪುಡಿ ಸಿಟಿಸಿ, ಎಲೆಯನ್ನು ಮಶಿನ್ ಹಲ್ಲಿಗೆ ಕೊಟ್ಟು ಜಜ್ಜಿ, ಹರಿದು, ಸುರುಳಿ ಮಾಡಿದ್ದು. 1930ರ ದಶಕದಲ್ಲಿ ಅಸ್ಸಾಂನಲ್ಲಿ ಶುರುವಾಯಿತು. ಬೇಗ ಕಡಕ್ ಆಗುತ್ತದೆ, ಹಾಲು ಶುಂಠಿ ಎರಡನ್ನೂ ತಡೆದುಕೊಳ್ಳುತ್ತದೆ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಅದನ್ನು ಕುಡಿಯುವಾಗ ಯಾರೂ "ಯಾವುದಕ್ಕ ಚಲೋ" ಅಂತ ಕೇಳೋದಿಲ್ಲವಲ್ಲ, ಸಿಟ್ಟು ಅದಕ್ಕೆ.

ಸುಳ್ಳು ಯಾಕೆ ಹೇಳಲಿ, ನಾನೂ ಹೀಗೇ ಇದ್ದೆ. ಸಿಲಿಗುರಿಯಲ್ಲಿ ಎರಡು ವರ್ಷ ನೌಕರಿ ಮಾಡಿದ್ದು ನಿಮಗೆ ಗೊತ್ತಲ್ಲ. ದಾರ್ಜಿಲಿಂಗ್ ಬೆಟ್ಟ ಅಲ್ಲೇ ಮೇಲೆ. ಆ ಎರಡೂ ವರ್ಷ ನಾನು ಕುಡಿದದ್ದು ಹಾಲು ಹಾಕಿ ಕುದಿಸಿದ ಚಹಾ! ಪಕ್ಕದ ಟೇಬಲ್‌ನವರು ಲೋಟದಲ್ಲಿ ಎಲೆ ಹಾಕಿಕೊಂಡರೆ "ಪಾಪ, ಹೊಟ್ಟೆ ಸರಿ ಇಲ್ಲ" ಅಂದುಕೊಳ್ಳುತ್ತಿದ್ದೆ. ಇಲ್ಲಿಗೆ ವಾಪಸ್ ಬಂದಮೇಲೆ ಡಾಕ್ಟರ್ ಸಕ್ಕರೆ ಕಡಿಮೆ ಮಾಡು ಅಂದರು, ಆಗ ಮೊದಲ ಪೊಟ್ಟಣ ತರಿಸಿದ್ದು. ಹೂಂ, ನಗಿ.

ಮಾಮಾ ಹೊರಡುವಾಗ ಸೋಸಣಿಗೆಯಿಂದ ಒಂದು ನೆಂದ ಎಲೆ ಎತ್ತಿ, ಅಂಗೈ ಮೇಲೆ ಬೆರಳಿಂದ ಬಿಡಿಸಿದರು. ಎರಡು ಎಲೆ, ಒಂದು ಕುಡಿ. "ಪೂರಾ ಎಲಿನ ಐತಲ್ಲೋ ಇದು," ಅಂತ ಮೂಸಿದರು. ಆಮೇಲೆ ಮೆಲ್ಲಗೆ, "ನಿಮ್ಮ ಅತ್ತೀಗೆ ಮೊಣಕಾಲು ನೋವು ಭಾಳ ಐತಿ. ಇದು ಚಲೋ ಆಗತೈತೇನು?"

ಅರ್ಧ ಡಬ್ಬಿ ಸುರಿದು ಕೊಟ್ಟೆ. ಚೀಟಿ ಬರೆದೆ: ದಿನಕ್ಕೆ ಎರಡು ಸಲ, ಮೂರು ನಿಮಿಷ, ಕುದಿಸಬಾರದು, ಹಾಲು ಹಾಕಿದರೆ ಗುಣ ಹೋಗುತ್ತದೆ.