ಸದ್ದಿಲ್ಲದ ಹಾನಿಯನ್ನು ಅಳೆಯುವ ಕೆಲಸ

ನಾನು ಪ್ಲೈವುಡ್ ಬೇಯಿಸುತ್ತೇನೆ. ನಿಜವಾಗಿಯೂ ಬೇಯಿಸುವುದೇ. ಹೊರಗಿನ ಮಳೆ ಬಿಸಿಲು ತಡೆಯಬೇಕಾದ ಹಲಗೆಯಾದರೆ ಅದರ ಸಣ್ಣ ತುಂಡುಗಳನ್ನು ಕುದಿಯುವ ನೀರಿನಲ್ಲಿ 72 ಗಂಟೆ ಬಿಡುತ್ತೇವೆ. ಆಮೇಲೆ ತೆಗೆದು, ತಣಿಸಿ, ಯಂತ್ರಕ್ಕೆ ಸಿಕ್ಕಿಸಿ ಎರಡೂ ತುದಿಯಿಂದ ಎಳೆಯುತ್ತೇವೆ. ಎಷ್ಟು ಬಲಕ್ಕೆ ಹರಿಯಿತು ಅನ್ನುವುದು ಒಂದು ಲೆಕ್ಕ. ಎಲ್ಲಿ ಹರಿಯಿತು ಅನ್ನುವುದು ಇನ್ನೊಂದು. ಮರದ ನಾರೇ ಕಿತ್ತು ಬಂದಿದ್ದರೆ ಅಂಟು ಗಟ್ಟಿ. ಎರಡು ಪದರಗಳು ನುಣ್ಣಗೆ ಬಿಟ್ಟುಕೊಂಡಿದ್ದರೆ ಆ ಹಲಗೆಯನ್ನು ನಂಬುವಂತಿಲ್ಲ.

ನನ್ನ ಅಕ್ಕ ಲಿವರ್ ವೈರಸ್‌ಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ನೆಂಟರು ಸೇರಿದಾಗ ಅವಳ ಕೆಲಸವನ್ನು ಎಲ್ಲರೂ ಗೌರವದಿಂದ ವಿಚಾರಿಸುತ್ತಾರೆ. ನನ್ನ ಕಡೆ ತಿರುಗಿ, "ಹಲಗೆಯಲ್ಲಿ ಇನ್ನೂ ಏನಪ್ಪಾ ಕಂಡುಹಿಡಿಯೋದಿದೆ?" ಅನ್ನುತ್ತಾರೆ. ಕೇಳುವವರಿಗೆ ಕೆಟ್ಟ ಮನಸ್ಸಿಲ್ಲ, ಗೊತ್ತು. ಆದರೂ ಬೇಸರವಾಗುತ್ತದೆ. ಜೀವ ಉಳಿಸುವ ಸಂಶೋಧನೆ ದೊಡ್ಡದು, ವಸ್ತುಗಳ ಸಂಶೋಧನೆ ಚಿಕ್ಕದು ಅನ್ನುವ ಲೆಕ್ಕ ಅದರ ಹಿಂದೆ ಇದೆ ಅಲ್ವಾ? ಅಕ್ಕನೇ ಅದನ್ನು ಒಪ್ಪುವುದಿಲ್ಲ. "ನಾವಿಬ್ಬರೂ ಹುಡುಕ್ತಿರೋದು ಒಂದೇ ಕಣೋ, ಕಣ್ಣಿಗೆ ಕಾಣದೆ ಒಳಗೊಳಗೇ ಆಗೋ ಹಾಳು" ಅನ್ನುತ್ತಾಳೆ.

ಅವಳ ಮಾತು ಎಷ್ಟು ಸರಿ ಅಂತ ನನಗೆ ಮನವರಿಕೆಯಾಗಿದ್ದು ಹೆಪಟೈಟಿಸ್ ಸಿ ಎಂಬ ಲಿವರ್ ವೈರಸ್ಸಿನ ಕಥೆ ಕೇಳಿದ ಮೇಲೆ. ಈ ವೈರಸ್ ಮೈಗೆ ಸೇರಿದಾಗ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಕಾಮಾಲೆ ಕೂಡ ಕಾಣಿಸದೆ ಇರಬಹುದು. ಇಪ್ಪತ್ತು, ಮೂವತ್ತು ವರ್ಷ ಮನುಷ್ಯ ಓಡಾಡಿಕೊಂಡು ಚೆನ್ನಾಗಿಯೇ ಇರುತ್ತಾನೆ. ಅಷ್ಟರಲ್ಲಿ ಲಿವರ್ ಗಾಯವಾಗಿ, ಮಾಗಿ, ಮತ್ತೆ ಗಾಯವಾಗಿ ಗಟ್ಟಿಯಾಗುತ್ತಾ ಹೋಗಿರುತ್ತದೆ.

1960ರ ದಶಕದಲ್ಲಿ ಅಮೆರಿಕದಲ್ಲಿ ಹೃದಯದ ಆಪರೇಷನ್‌ಗಾಗಿ ತುಂಬಾ ರಕ್ತ ಹಾಕಿಸಿಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಹೆಪಟೈಟಿಸ್ ಬರುತ್ತಿತ್ತು. ಬರೂಕ್ ಬ್ಲಂಬರ್ಗ್ ಹೆಪಟೈಟಿಸ್ ಬಿ ವೈರಸ್ಸಿನ ಗುರುತು ಹಿಡಿದಿದ್ದರಿಂದ ಒಂದಷ್ಟು ಪ್ರಕರಣ ತಪ್ಪಿತು. 1973ರಲ್ಲಿ ಹೆಪಟೈಟಿಸ್ ಎ ವೈರಸ್ ಕಣ್ಣಿಗೆ ಬಿತ್ತು. ಆದರೂ ರಕ್ತ ಹಾಕಿಸಿಕೊಂಡವರಿಗೆ ಕಾಯಿಲೆ ಬರುವುದು ನಿಲ್ಲಲಿಲ್ಲ. ಅದು ಎ ಅಲ್ಲ, ಬಿ ಕೂಡ ಅಲ್ಲ. ಏನೆಂದು ಗೊತ್ತಿಲ್ಲದೆ ಅದನ್ನು "ಎ-ಅಲ್ಲದ, ಬಿ-ಅಲ್ಲದ ಹೆಪಟೈಟಿಸ್" ಅಂತಲೇ ಕರೆದರು.

ಅಮೆರಿಕದ ಸಂಶೋಧಕ ವೈದ್ಯ ಹಾರ್ವೆ ಆಲ್ಟರ್ ಆಗ ಒಂದು ಕೆಲಸ ಮಾಡಿದರು. ರಕ್ತ ಕೊಟ್ಟವರ ಮತ್ತು ಪಡೆದವರ ಮಾದರಿಗಳನ್ನು ಕ್ರಮವಾಗಿ ಫ್ರೀಜರ್‌ನಲ್ಲಿ ಇಡುತ್ತಾ ಹೋದರು. ಯಾವುದು ಯಾರದ್ದು ಅನ್ನುವುದು ಗೊತ್ತಾಗದ ಹಾಗೆ ಗುಟ್ಟಿನ ಗುರುತು ಹಾಕಿದ ಒಂದು ಕಟ್ಟು ಮಾದರಿಗಳನ್ನೂ ಸಿದ್ಧಮಾಡಿದರು. ವೈರಸ್ ಪತ್ತೆಯಾಯಿತು ಅಂತ ಯಾವ ಲ್ಯಾಬ್ ಹೇಳಿದರೂ ಆ ಕಟ್ಟನ್ನು ಕಳಿಸುವುದು. ಸೋಂಕಿನದು ಯಾವುದು, ಸೋಂಕಿಲ್ಲದ್ದು ಯಾವುದು, ಹೇಳಿ ನೋಡೋಣ! ವರ್ಷಗಳ ಕಾಲ ಒಬ್ಬರಿಂದಲೂ ಸರಿಯಾದ ಉತ್ತರ ಬರಲಿಲ್ಲ. ನನಗೆ ಇಡೀ ಕಥೆಯಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇದು. ತಪ್ಪು ಉತ್ತರವನ್ನು ಅಷ್ಟು ಪ್ರಾಮಾಣಿಕವಾಗಿ ತಡೆಯುವ ಏರ್ಪಾಡು ಮಾಡಿ, ಸರಿಯಾದದ್ದು ಬರುವ ತನಕ ಕಾಯುವುದಕ್ಕೆ ಎಂಥ ತಾಳ್ಮೆ ಬೇಕು.

ಕೊನೆಗೆ ಉತ್ತರ ಬಂದದ್ದು ಅಮೆರಿಕದ ಜೈವಿಕ ತಂತ್ರಜ್ಞಾನ ಕಂಪನಿ ಕೈರಾನ್‌ನ ಮೈಕೆಲ್ ಹೌಟನ್, ಕ್ವಿ-ಲಿಮ್ ಚೂ ಮತ್ತು ಜಾರ್ಜ್ ಕುವೊ ಅವರಿಂದ. ಅವರ ಜೊತೆ ಡೇನಿಯಲ್ ಬ್ರ್ಯಾಡ್ಲಿ ಇದ್ದರು. ಸೋಂಕು ತಗುಲಿದ ಚಿಂಪಾಂಜಿಯ ರಕ್ತದಿಂದ ಜೀನ್ ತುಣುಕುಗಳನ್ನು ತೆಗೆದು, ಲಕ್ಷಗಟ್ಟಲೆ ತುಣುಕುಗಳ ನಡುವೆ ಹುಡುಕಿ ಒಂದೇ ಒಂದನ್ನು ಹಿಡಿದರು. ವೈರಸ್ಸಿನದು ಅದು. 1989ರಲ್ಲಿ ಅದನ್ನು ಪ್ರಕಟಿಸಿದರು. ಆಲ್ಟರ್ ಕಟ್ಟಿನ ಗುಟ್ಟನ್ನು ಒಡೆದದ್ದು ಇವರ ಪರೀಕ್ಷೆ. ರಕ್ತನಿಧಿಗಳಲ್ಲಿ ಪರೀಕ್ಷೆ ಬಂದ ಮೇಲೆ ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ರಕ್ತದಿಂದ ಹರಡುವ ಹೆಪಟೈಟಿಸ್ ಹೆಚ್ಚುಕಡಿಮೆ ನಿಂತೇಹೋಯಿತು. 2013ರಲ್ಲಿ ದೊಡ್ಡದೊಂದು ಪ್ರಶಸ್ತಿ ಬಂದಾಗ, ಅದರಲ್ಲಿ ಚೂ ಮತ್ತು ಕುವೊ ಹೆಸರಿಲ್ಲ ಅನ್ನುವ ಕಾರಣಕ್ಕೆ ಹೌಟನ್ ಬೇಡ ಅಂದರು. 2020ರ ನೊಬೆಲ್ ಆಲ್ಟರ್, ಹೌಟನ್ ಮತ್ತು ಇದೇ ವೈರಸ್ ಮೇಲೆ ಕೆಲಸ ಮಾಡಿದ ಚಾರ್ಲ್ಸ್ ರೈಸ್ ಅವರಿಗೆ ಸಂದಿತು. ಈಗ ಹೆಪಟೈಟಿಸ್ ಸಿ ಇದ್ದವರಲ್ಲಿ ಶೇ. 95ಕ್ಕೂ ಹೆಚ್ಚು ಜನ ಎರಡು ಮೂರು ತಿಂಗಳ ಮಾತ್ರೆಯಲ್ಲಿ ಪೂರ್ತಿ ಗುಣವಾಗುತ್ತಾರೆ.

ಈಗ ನನ್ನ ಹಲಗೆಗೆ ಬರುತ್ತೇನೆ.

ಮರದ ಚೂರು ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್, ಮರದ ನಾರು ಒತ್ತಿ ಮಾಡುವ ಎಂಡಿಎಫ್, ಒಳಾಂಗಣದ ಪ್ಲೈವುಡ್. ಇವುಗಳಲ್ಲಿ ಹೆಚ್ಚಿನವನ್ನು ಹಿಡಿದಿಟ್ಟಿರುವುದು ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣ ಬಿಡುವುದಿಲ್ಲ. ಆದರೆ ತೇವ ಮತ್ತು ಬಿಸಿ ತಗುಲಿದರೆ ಅಂಟಿನ ಕೊಂಡಿಗಳು ನಿಧಾನವಾಗಿ ಕಳಚಿಕೊಂಡು ಫಾರ್ಮಾಲ್ಡಿಹೈಡ್ ಅನಿಲ ಹೊರಬರುತ್ತದೆ. ಹಲಗೆ ಹೊಸದಿರುವಾಗ ಜಾಸ್ತಿ, ಆಮೇಲೆ ಕಡಿಮೆ, ಆದರೆ ವರ್ಷಗಳ ತನಕ ಬರುತ್ತಲೇ ಇರುತ್ತದೆ. ಇದು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ತೀರ್ಮಾನಿಸಿತು.

2005ರಲ್ಲಿ ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರಿಗೆ ಅಮೆರಿಕ ಸರ್ಕಾರ ಟ್ರೇಲರ್ ಮನೆಗಳನ್ನು ಕೊಟ್ಟಿತು. ಒಳಗೆಲ್ಲ ಇಂಥವೇ ಹಲಗೆಗಳು. ಪುಟ್ಟ ಜಾಗ, ಸೆಕೆ, ಮುಚ್ಚಿದ ಕಿಟಕಿ. ಕಣ್ಣುರಿ, ಕೆಮ್ಮು, ಉಸಿರಾಟದ ತೊಂದರೆ ಅಂತ ಜನ ಹೇಳುತ್ತಲೇ ಇದ್ದರು. ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ 519 ಟ್ರೇಲರ್‌ಗಳ ಗಾಳಿ ಅಳೆದದ್ದು 2007ರ ಡಿಸೆಂಬರ್ ಮತ್ತು 2008ರ ಜನವರಿಯಲ್ಲಿ. ಅಷ್ಟು ಹೊತ್ತಿಗೆ ಎರಡು ವರ್ಷಕ್ಕೂ ಹೆಚ್ಚಾಗಿತ್ತು. ಆಗಲೂ ಅನಿಲ ಸಾಮಾನ್ಯ ಮನೆಗಳಿಗಿಂತ ಬಹಳ ಜಾಸ್ತಿ ಇತ್ತು. ಎಲ್ಲ ಕಳೆದುಕೊಂಡು ಬಂದವರು ಆ ಗಾಳಿಯಲ್ಲೇ ಮಕ್ಕಳನ್ನು ಮಲಗಿಸಿದ್ದರು. ಹಲಗೆಯಲ್ಲಿ ಕಂಡುಹಿಡಿಯುವುದು ಏನಿದೆ ಅಂದಾಗ ನನ್ನ ಕಣ್ಣ ಮುಂದೆ ಬರುವುದು ಅವರೇ.

ನಾವು ಇದನ್ನು ಅಳೆಯುವುದು ಹೀಗೆ. ಮುಚ್ಚಿದ ಪೆಟ್ಟಿಗೆಯಂಥ ಕೋಣೆಯೊಳಗೆ ಹಲಗೆ ಇಟ್ಟು, ಉಷ್ಣತೆ, ತೇವ, ಗಾಳಿಯ ಓಡಾಟ ಎಲ್ಲವನ್ನೂ ಒಂದೇ ಸಮ ಇಟ್ಟು, ದಿನಗಟ್ಟಲೆ ಗಾಳಿಯ ಮಾದರಿ ತೆಗೆಯುತ್ತೇವೆ. ಹಲಗೆ ಬಿಡುವ ಫಾರ್ಮಾಲ್ಡಿಹೈಡ್‌ಗೆ ಯುರೋಪಿನ ಇ-1 ದರ್ಜೆಯ ಮಿತಿ ಘನ ಮೀಟರ್ ಗಾಳಿಗೆ 0.124 ಮಿಲಿಗ್ರಾಂ. ಪೀಠೋಪಕರಣ ಮತ್ತು ಮರದ ಸಾಮಾನುಗಳಿಗೆ ಅದನ್ನು ಅರ್ಧಕ್ಕೆ, ಅಂದರೆ 0.062ಕ್ಕೆ ಇಳಿಸುವ ನಿಯಮವನ್ನು ಯುರೋಪ್ ಒಕ್ಕೂಟ 2023ರಲ್ಲಿ ತಂದಿತು. ಇಂಥ ಒಂದು ಅಂಕಿ ಇಳಿಯಬೇಕಾದರೆ ಎಷ್ಟೋ ಲ್ಯಾಬ್‌ಗಳಲ್ಲಿ ಯಾರೋ ಕೂತು ಅಳೆದಿರಬೇಕು. ಬೇರೆ ಅಂಟು ಹುಡುಕುವವರೂ ಇದ್ದಾರೆ. ಆರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಕೈಚಾಂಗ್ ಲಿ ಸಮುದ್ರದ ಅಲೆಗೂ ಜಗ್ಗದೆ ಬಂಡೆಗೆ ಕಚ್ಚಿಕೊಂಡ ನೀಲಿಕಲ್ಲನ್ನು, ಅಂದರೆ ಆ ಚಿಪ್ಪುಜೀವಿಯನ್ನು, ನೋಡಿ ಸೋಯಾ ಹಿಟ್ಟಿನಿಂದ ಅಂಟು ಮಾಡಿದರು. ಆ ಅಂಟಿನ ಪ್ಲೈವುಡ್ ಈಗ ಮಾರಾಟದಲ್ಲಿದೆ.

ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಇದೇ ಫಾರ್ಮಾಲ್ಡಿಹೈಡ್ ಅಕ್ಕನ ಕಡೆಯೂ ಇದೆ. ಹೆಪಟೈಟಿಸ್ ಎ ತಡೆಯುವ ಸಾಮಾನ್ಯ ಲಸಿಕೆಯಲ್ಲಿ ವೈರಸ್ಸನ್ನು ನಿಷ್ಕ್ರಿಯ ಮಾಡುವುದು ಅದರಿಂದಲೇ. ಲಿವರ್‌ನ ತುಣುಕನ್ನು ಪರೀಕ್ಷೆಗೆ ಕಳಿಸುವಾಗ ಕೆಡದಂತೆ ಇಡುವುದೂ ಅದರಲ್ಲೇ. ಲಸಿಕೆಯಲ್ಲಿ ಉಳಿಯುವುದು ಲೆಕ್ಕಕ್ಕೇ ಬಾರದಷ್ಟು. ನಮ್ಮ ಮೈ ತಾನೇ ಅದಕ್ಕಿಂತ ಎಷ್ಟೋ ಜಾಸ್ತಿ ತಯಾರಿಸುತ್ತದೆ. ಹಾಗಾಗಿ ಹೆಸರು ಕೇಳಿ ಸುಮ್ನೆ ಹೆದರಬೇಡಿ. ಎಷ್ಟು, ಎಲ್ಲಿ, ಎಷ್ಟು ಕಾಲ ಅನ್ನುವುದನ್ನು ಕೇಳಿ.

ನನ್ನ ತಕರಾರು ಇರುವುದು ಇಂಥ ಕೆಲಸಕ್ಕೆ ಹಣ ಕೊಡುವ ರೀತಿಯ ಬಗ್ಗೆ. ಮೂರು ವರ್ಷಕ್ಕೆ ಹಣ ಕೊಡುತ್ತಾರೆ. ಮೂರು ವರ್ಷದಲ್ಲಿ ಫಲಿತಾಂಶ ಕೇಳುತ್ತಾರೆ. ಲಿವರ್ ಗಟ್ಟಿಯಾಗಲು ಇಪ್ಪತ್ತು ವರ್ಷ ಬೇಕು, ಹಲಗೆಯ ಅಂಟು ಬಿಡಲು ಹತ್ತು ವರ್ಷ ಬೇಕಾಗಬಹುದು. ಕುದಿಸುವ ಪರೀಕ್ಷೆ ಆ ಹತ್ತು ವರ್ಷವನ್ನು ಮೂರು ದಿನಕ್ಕೆ ಇಳಿಸುವ ಪ್ರಯತ್ನ ಅಷ್ಟೆ. ಅದು ಸರಿಯಿದೆಯಾ ಅಂತ ತಿಳಿಯಲು ಬಿಸಿಲು ಮಳೆಗೆ ನಿಜವಾಗಿಯೂ ಹತ್ತು ವರ್ಷ ಬಿಟ್ಟ ಹಲಗೆ ಬೇಕೇ ಬೇಕು. ಕಡಿತ ಬಂದಾಗ ಮೊದಲು ಹೋಗುವುದು ಅಂಥ ಹಲಗೆಗಳು, ಅಂಥ ಫ್ರೀಜರ್‌ಗಳು. ಆಲ್ಟರ್ ಫ್ರೀಜರ್‌ನ ಕರೆಂಟನ್ನು ಐದನೇ ವರ್ಷಕ್ಕೆ ಯಾರಾದರೂ ತೆಗೆಸಿದ್ದರೆ?

ಅಕ್ಕ ಒಂದು ಮಾತು ಬರೆಯಲು ಹೇಳಿದ್ದಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ 25.4 ಕೋಟಿ ಜನರಿಗೆ ಹೆಪಟೈಟಿಸ್ ಬಿ, 5 ಕೋಟಿ ಜನರಿಗೆ ಹೆಪಟೈಟಿಸ್ ಸಿ ಇತ್ತು. ಬಿ ಇದ್ದವರಲ್ಲಿ ಅದು ಪರೀಕ್ಷೆಯಿಂದ ಪತ್ತೆಯಾಗಿದ್ದದ್ದು ಶೇ. 13 ಜನರಿಗೆ ಮಾತ್ರ. ಜೀವನದಲ್ಲಿ ಒಮ್ಮೆಯಾದರೂ ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಹುಟ್ಟಿದ ಮಗುವಿಗೆ ಬಿ ಲಸಿಕೆಯ ಮೊದಲ ಡೋಸ್ 24 ಗಂಟೆಯೊಳಗೆ ಸಿಗಬೇಕು.

ನನ್ನದೂ ಒಂದು. ಹಲಗೆ ಕೊಳ್ಳುವಾಗ ದಪ್ಪ, ಬೆಲೆ ಕೇಳಿದ ಮೇಲೆ ಫಾರ್ಮಾಲ್ಡಿಹೈಡ್ ದರ್ಜೆ ಯಾವುದು ಅಂತಲೂ ಕೇಳಿ. ಕೊಯ್ದ ಅಂಚುಗಳನ್ನು ಬರಿದಾಗಿ ಬಿಡಬೇಡಿ. ಪಟ್ಟಿ ಅಂಟಿಸಿಯೋ, ಬಣ್ಣ ಬಳಿದೋ ಮುಚ್ಚಿಸಿ. ಒಳಗೆ ತೇವ ಹೋಗುವುದೂ, ಹೊರಗೆ ಅನಿಲ ಬರುವುದೂ ಜಾಸ್ತಿ ಅಲ್ಲಿಂದಲೇ.