ಮಾರಾಟಕ್ಕಿರುವ ತೊಟ್ಟಿಮನೆಯನ್ನು ಕೊಂಡು ದುರಸ್ತಿ ಮಾಡಿಸಬೇಕೇ?

ಪರ

ತೀರ್ಥಹಳ್ಳಿ ಕಡೆಯ ಹಳೆಯ ತೊಟ್ಟಿಮನೆ ಮಾರಾಟಕ್ಕಿದೆ ಎಂದು ಕೇಳಿ ಹೋದವರಿಗೆ ಮೊದಲು ಕಾಣುವುದು ಜಾರಿದ ಹೆಂಚು, ಮನೆಯ ನಡುವಿನ ತೆರೆದ ಅಂಗಳವಾದ ತೊಟ್ಟಿಯ ತುಂಬ ಮೊಳಕಾಲೆತ್ತರದ ಹುಲ್ಲು. ಅಷ್ಟಕ್ಕೇ ಬೆನ್ನು ತಿರುಗಿಸಬೇಡಿ. ಜಗಲಿಯ ಮುಂಡಿಗೆಯನ್ನು (ಮರದ ಕಂಬವನ್ನು) ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಸದ್ದು ಪೊಳ್ಳಾಗಿರದಿದ್ದರೆ ಒಳಗಿನ ಕೆಚ್ಚು (ಮರದ ತಿರುಳು) ಗಟ್ಟಿಯಿದೆ ಎಂದೇ ಲೆಕ್ಕ. ಆ ದಪ್ಪದ ಹಲಸು, ಬೀಟೆ ಇಂದು ದುಡ್ಡು ಸುರಿದರೂ ಸಿಗುವುದು ಕಷ್ಟ.

ಬಿಚ್ಚಿ ಕಟ್ಟಲು ಬರುವುದೇ ಈ ಮನೆಗಳ ಗುಣ. ಹೆಂಚಿನಡಿಯ ರೀಪು ಹೋದರೆ ರೀಪು, ಅದನ್ನು ಹೊರುವ ಪಕಾಸಿ ಹೋದರೆ ಪಕಾಸಿ ಬದಲಿಸಿದರಾಯಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಾಳಾಗುತ್ತಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಇದ್ದಲ್ಲೇ ಇರುವ ಮನೆಯನ್ನು ಉಳಿಸುವುದು ಅದಕ್ಕಿಂತ ಕಷ್ಟವೇ? ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಮಂಗಳೂರು ಹೆಂಚು ಇವತ್ತಿಗೂ ಸಿಗುತ್ತದೆ. ಆದರೆ ಮಣ್ಣಿನ ಗೋಡೆಗೆ ಸಿಮೆಂಟ್ ಮಾತ್ರ ಬಳಿಸಬೇಡಿ. ನೆಲದಿಂದ ಏರಿದ ತೇವ ಹೊರಬರಲಾಗದೆ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಸುಣ್ಣದ ಗಾರೆ ಬಲ್ಲ ಮೇಸ್ತ್ರಿಯನ್ನು ಹುಡುಕಿ, ತಡವಾದರೂ ಚಿಂತೆಯಿಲ್ಲ.

ನೀವು ಕೊಳ್ಳದಿದ್ದರೆ ಹಳೆಯ ಮರದ ವ್ಯಾಪಾರಿ ಕೊಳ್ಳುತ್ತಾನೆ. ಆಮೇಲೆ ಆ ಮುಂಡಿಗೆಗಳು ಯಾವುದೋ ರೆಸಾರ್ಟಿನ ಬಾಗಿಲಲ್ಲಿ ಏನನ್ನೂ ಹೊರದೆ ನಿಂತಿರುತ್ತವೆ.

ವಿರೋಧ

ಮುಂಡಿಗೆ ತಟ್ಟಿದ್ದಾಯಿತು, ಇನ್ನು ಅಡುಗೆಮನೆಗೆ ಬನ್ನಿ. ಒಲೆ ತಣ್ಣಗಿದೆ. ಮನೆ ಇಷ್ಟು ಕಾಲ ನಿಂತದ್ದು ಬರೀ ಕೆಚ್ಚಿನ ಬಲದಿಂದಲ್ಲ. ಒಲೆಯ ಹೊಗೆ, ಬಚ್ಚಲ ಹಂಡೆಯ ಹೊಗೆ ದಿನವೂ ಅಟ್ಟಕ್ಕೇರಿ ಜಂತೆಗಳನ್ನು ಕಪ್ಪಾಗಿಸಿ ಒಣಗಿಸಿಡುತ್ತಿತ್ತು, ಹುಳುವನ್ನೂ ದೂರವಿಡುತ್ತಿತ್ತು. ಮಳೆಗೆ ಮುಂಚೆ ಹೆಂಚು ಕೈಯಾಡಿಸಲು ಆಳುಗಳಿದ್ದರು, ಅಂಗಳ ಸಾರಿಸುವ ಕೈಗಳಿದ್ದವು. (ಆ ಕೈಗಳಿಗೆ ಕೂಲಿ ಎಷ್ಟಿತ್ತೆಂದು ತೊಟ್ಟಿಮನೆಯ ಚೆಲುವನ್ನು ಹೊಗಳುವವರು ಕೇಳುವುದಿಲ್ಲ.) ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿ ಜಮೀನು ಉಳುವವರಿಗೆ ಸೇರಿತು. ಆಗಬೇಕಾದದ್ದೇ ಆಯಿತು. ಆದರೆ ಎಷ್ಟೋ ದೊಡ್ಡ ಮನೆಗಳು ಆ ಗೇಣಿಯ ಅಕ್ಕಿಯ ಮೇಲೇ ನಿಂತಿದ್ದವು.

ಈಗ ದಸರಾಕ್ಕೊಮ್ಮೆ, ಬೇಸಿಗೆಗೊಮ್ಮೆ ಬೆಂಗಳೂರಿನಿಂದ ಬರುವ ನೀವು ಅದನ್ನು ಸಾಕುತ್ತೀರಾ? ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಲ್ಲಿ ಒಂದು ಹೆಂಚು ಜಾರಿದರೆ, ನೀವು ಬೀಗ ತೆಗೆಯುವ ಹೊತ್ತಿಗೆ ಪಕಾಸಿ ಮೆತ್ತಗಾಗಿ, ಗೋಡೆಯ ತಲೆ ಕರಗಿರುತ್ತದೆ.

ಕಾಗದಪತ್ರದ್ದು ಬೇರೆಯೇ ಕತೆ. ಖಾತೆ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಎಲ್ಲ ಪಾಲುದಾರರ ಸಹಿ ಬೇಕು. ಮುಂಬೈಯ ಅತ್ತೆಯೊಬ್ಬರು ಒಲ್ಲೆನೆಂದರೆ ನಿಮ್ಮ ಮುಂಗಡ ಅಲ್ಲೇ ಸಿಕ್ಕಿಕೊಂಡಿತು.

ಅಷ್ಟೂ ಆಸೆಯಿದ್ದರೆ ಒಂದು ಮಳೆಗಾಲ ಅಲ್ಲಿ ಬಾಡಿಗೆಗಿದ್ದು ನೋಡಿ. ಆಷಾಢದ ನಡುರಾತ್ರಿ ಸೋರುವಲ್ಲೆಲ್ಲ ಪಾತ್ರೆಯಿಟ್ಟು, ಬೆಳಿಗ್ಗೆ ಹಸಿ ಸೌದೆ ಊದಿ ಕಾಫಿ ಕಾಯಿಸಿದ ಮೇಲೂ ಮನಸ್ಸು ಬದಲಾಗದಿದ್ದರೆ ಬೆಲೆ ವಿಚಾರಿಸಿ.