ಯಾವ ಪಾಟೀಲ್ರು?

ಜೋಡಿ ಹುಡುಕೋ ಡೇಟಿಂಗ್ ಆ್ಯಪ್ ಟಿಂಡರ್ 2012ರಲ್ಲಿ ಶುರುವಾಯಿತು. ಮಾಡಿದವರು ಒಮ್ಮೆ ಬೆಳಗಾವಿಗೆ ಬಂದು ಹೋಗಬೇಕಿತ್ತು. ಬಂದಿದ್ದರೆ ಹೆಸರು, ವಯಸ್ಸು, ಎಷ್ಟು ಕಿಲೋಮೀಟರ್ ದೂರ ಅಂತ ತೋರಿಸಿ ಸುಮ್ಮನಾಗುತ್ತಿರಲಿಲ್ಲ. ಬರೀ ಹೆಸರಿನಿಂದ ಯಾರಿಗೆ ಏನು ತಿಳಿಯುತ್ತದೆ? ಸ್ನೇಹಾ ಅನ್ನೋರು ಎಲ್ಲ ಓಣಿಯಲ್ಲೂ ಇದ್ದಾರೆ. ನಮ್ಮಲ್ಲಿ ವಿಷಯ ಇರೋದು ಅಡ್ಡಹೆಸರಿನಲ್ಲಿ. ಹಿರೇಮಠ, ಕುಲಕರ್ಣಿ, ಬಡಿಗೇರ, ಜಾಧವ ಅಂದರೆ ಸಾಕು, ಕೇಳಿದವರು ನಿಮ್ಮ ಮುತ್ತಜ್ಜನನ್ನು ಮಾತಾಡಿಸಿ ವಾಪಸ್ ಬಂದಿರುತ್ತಾರೆ. ಆ್ಯಪ್ ಅದನ್ನೇ ಮುಚ್ಚಿಟ್ಟಿದೆ. ಹಾಗಾಗಿ ಇಲ್ಲಿ ಬಲಕ್ಕೆ ಸ್ವೈಪ್ ಮಾಡಿ 'ಇಷ್ಟ' ಅಂದ ಕೂಡಲೇ ಶುರುವಾಗೋದು ತನಿಖೆ.

ಮೊದಲ ಮೆಸೇಜು 'ಹಾಯ್'. ಇದು ಗಡಿ ಊರಿನ ಜಾಣತನ. ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ, ಯಾರೂ ರಸ್ತೆಗಿಳಿಯೋದಿಲ್ಲ. ಆಮೇಲೆ 'ಎಲ್ಲಿ ಇರ್ತೀರಿ?' ಟಿಳಕವಾಡಿ ಅಂದರೆ, 'ಅಲ್ರೀ, ಮೂಲ ಊರು?' ಗೋಕಾಕ ಕಡೆ ಅಂತ ಗೊತ್ತಾದ ಮೇಲೆ ಕರದಂಟಿನ ಮಾತು ಬರಬೇಕಲ್ವಾ? ಬರೋದಿಲ್ಲ. 'ಊರಾಗ ಯಾವ ಓಣಿ?' ಓಣಿ ಗೊತ್ತಾದರೆ ಅರ್ಧ ಕೆಲಸ ಮುಗೀತು. ಉಳಿದರ್ಧಕ್ಕೆ 'ಸಂಡೇ ಮನ್ಯಾಗ ಏನು ಸ್ಪೆಷಲ್?' ನೋಡೋಕೆ ಎಷ್ಟು ಮುದ್ದಾದ ಪ್ರಶ್ನೆ! ಮಟನ್ ಅಂದರೆ ಒಂದಿಷ್ಟು ಜಾತಿಗಳು ಪಟ್ಟಿಯಿಂದ ಹೋದವು, ಹೋಳಿಗೆ ಅಂದರೆ ಇನ್ನೊಂದಿಷ್ಟು. 'ಮೊಟ್ಟಿ ಅಷ್ಟ, ಅದೂ ಹೊರಗ' ಅಂದರೆ ಕೇಸು ಮೇಲಿನ ಕೋರ್ಟಿಗೆ.

ಇಷ್ಟೆಲ್ಲ ಬೆವರು ಸುರಿಸಿದ ಮೇಲೆ 'ಪಾಟೀಲ' ಅಂತ ಉತ್ತರ ಬಂದರೆ? ಪಾಪ. ಪಾಟೀಲಕಿ ಅಂದರೆ ಊರಗೌಡಕಿ. ಲಿಂಗಾಯತರಲ್ಲೂ ಪಾಟೀಲರು, ಮರಾಠರಲ್ಲೂ ಪಾಟೀಲರು, ಜೈನರಲ್ಲೂ, ಮುಸ್ಲಿಮರಲ್ಲೂ. ನಾನು ಬಲ್ಲ ಹುಡುಗನೊಬ್ಬ ತಡೆಯಲಾರದೆ ಕಾಫಿ ಅಂಗಡಿಯಲ್ಲಿ ಎದುರಿಗೇ ಕೇಳಿಬಿಟ್ಟ.

'ಯಾವ ಪಾಟೀಲ್ರು ನೀವು?'

'ಸಾಫ್ಟ್‌ವೇರ್ ಪಾಟೀಲ್ರು.'

ಆತ ನಕ್ಕ. ನಕ್ಕು, 'ಮತ್ತ ಮನಿದೇವ್ರು?' ಅಂದ. ಅವಳೇನು ಕಡಿಮೆಯೇ? 'ಅದಿರ್ಲಿ, ನಿಮ್ದು ಹೊಲ ನೀರಾವರಿನೋ, ಒಣಬೇಸಾಯನೋ?' ಒಣಬೇಸಾಯ ಅಂತ ಬಾಯಿ ಬಿಟ್ಟ. ಕಾಫಿ ಅರ್ಧಕ್ಕೇ ಬಿಟ್ಟು ಅವಳು ಎದ್ದಳು.

ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಕೋಲ್ಕತ್ತದ ಮದುವೆ ಜಾಹೀರಾತುಗಳನ್ನು ಹಿಡಿದು ಕೂತಿದ್ದರು. 2013ರಲ್ಲಿ ಪ್ರಕಟಿಸಿದ ಅವರ ಒಂದು ಲೆಕ್ಕ ಹೀಗಿದೆ: ಬೇರೆ ಜಾತಿಯ ಎಂ.ಎ. ಓದಿದವನನ್ನು ಬಿಟ್ಟು, ಸ್ವಂತ ಜಾತಿಯ ಓದೇ ಇಲ್ಲದವನನ್ನು ಒಪ್ಪೋಕೆ ಹೆಣ್ಣಿನ ಕಡೆಯವರು ತಯಾರು. ಬ್ಯಾನರ್ಜಿ, ಡುಫ್ಲೊ ಅವರಿಗೆ 2019ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ. ಈ ಲೆಕ್ಕವನ್ನಾದರೆ ನಮ್ಮ ಕಡೆಯ ಯಾವ ಲಗ್ನದ ದಲ್ಲಾಳಿಯಾದರೂ ಒಂದು ಕಪ್ ಚಹಾಕ್ಕೆ ಹೇಳುತ್ತಿದ್ದ.

ನನಗೆ ಜಾಸ್ತಿ ಇಷ್ಟವಾಗೋದು ಬಸವಣ್ಣನ ಭಕ್ತರ ಪ್ರೊಫೈಲು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಜಾತಿ ಮೀರಿದ ಒಂದು ಮದುವೆಗೆ ರಾಜ್ಯವೇ ಅಲ್ಲಾಡಿದ ಕಥೆ ಇವರಿಗೆ ಬಾಯಿಪಾಠ. ಪಕ್ಕದ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮಕ್ಕೆ ಹೋಗಿ, ಸೆಲ್ಫಿ ತೆಗೆದು, ಪ್ರೊಫೈಲಿಗೆ ಹಾಕಿ, ಕೆಳಗೆ 'ಓನ್ಲಿ ನಮ್ಮ ಪೈಕಿ' ಅಂತ ಬರೆಯೋಕೆ ಎದೆಗಾರಿಕೆ ಬೇಕು.

ಪೈಕಿಯೊಳಗೇ ಹುಡುಕಿದರೆ ಏನಾಗುತ್ತದೆ ಅಂತ ಇನ್ನೊಬ್ಬ ಹುಡುಗನನ್ನು ಕೇಳಿ. ದೂರ ಕಡಿಮೆ ಮಾಡಿದ, ವಯಸ್ಸು ಹೊಂದಿಸಿದ, ಮುಖ ಕಾಣದ ಒಂದು ಫೋಟೋಕ್ಕೆ ಮನಸೋತ. ಎರಡು ವಾರ ರಾತ್ರಿಯೆಲ್ಲ ಚಾಟು. ಮೂಲ ಊರು ಸರಿ, ಓಣಿ ಸರಿ, ಮನೆದೇವರೂ ಸರಿ. ಕೊನೆಗೆ ಮುಖ ತೋರಿಸಿದರೆ ಸೋದರಮಾವನ ಮಗಳು! ಇಬ್ಬರೂ ಗಾಬರಿಯಾಗಿ ಬ್ಲಾಕ್ ಮಾಡಿಕೊಂಡರು. ಆದರೆ ಸುದ್ದಿ ಮನೆಗೆ ಮುಟ್ಟಿತ್ತು. ಹುಡುಗನ ತಾಯಿಗೆ ಹಿಗ್ಗೋ ಹಿಗ್ಗು. ತೊಟ್ಟಿಲಲ್ಲಿದ್ದಾಗಲೇ ಮಾತಾಡಿಟ್ಟ ಸಂಬಂಧವಂತೆ. ಅವರಿಗೆ ಉಳಿದಿದ್ದು ಒಂದೇ ಚಿಂತೆ: 'ಆ ಆ್ಯಪಿನವ್ರಿಗೆ ಕಮಿಷನ್ ಏನರ ಕೊಡಬೇಕೇನೋ?'